ಒಂದೇ ನಿಮಿಷ ಆಡಿದವರ ಪರವಾಗಿ ಒಂದು ಬಹಿರಂಗ ಪತ್ರ

ಟೊರಾಂಟೊ, ಬ್ರಾಂಪ್ಟನ್, ಮಿಸ್ಸಿಸಾಗಾ, ಮಿಲ್ಟನ್ ಕಡೆಯ ಐಸ್ ರಿಂಕ್‌ಗಳಿಗೆ ನಸುಕಿನಲ್ಲೇ ಎದ್ದು ಬಂದು, ಮೊಣಕಾಲೂರಿ ಕೂತು ಮಕ್ಕಳ ಸ್ಕೇಟ್ ಲೇಸ್ ಬಿಗಿಯುವ ಎಲ್ಲ ಕನ್ನಡಿಗ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ. ನಮ್ಮಲ್ಲಿ ಬಹಳ ಮಂದಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ, ಮುಖ ಮಾತ್ರ ಗೊತ್ತು. ಹೊರಗೆ ಮೈನಸ್ ಹದಿನೈದು ಇರುವಾಗ ಬೆಂಚಿನ ಮೇಲೆ ಮುದುರಿ ಕೂತು ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡವರು ನಾವು. ಆ ಸಲಿಗೆಯಿಂದಲೇ ನಿಮ್ಮನ್ನು ಒಂದು ಕೆಲಸ ಕೇಳುತ್ತಿದ್ದೇನೆ. ಲ್ಯಾರಿ ಕ್ವಾಂಗ್ ಎಂಬ ಐಸ್ ಹಾಕಿ ಆಟಗಾರರನ್ನು, ಈ ಆಟದ ಶ್ರೇಷ್ಠರನ್ನು ಗೌರವಿಸುವ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳಿ ಎಂದು ಅದರ ಆಯ್ಕೆ ಸಮಿತಿಗೆ ನಾನು ಬರೆಯುತ್ತಿದ್ದೇನೆ. ನೀವೂ ಬರೆಯಬೇಕು. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಉದ್ದ ಹಿಡಿಯುತ್ತದೆ, ಬಿಡುವು ಮಾಡಿಕೊಂಡು ಓದಿ.

ಹೋದ ಬೇಸಿಗೆಯಲ್ಲಿ ಊರಿಂದ ಅಪ್ಪ ಬಂದಿದ್ದರು. ನಮ್ಮದು ವಿರಾಜಪೇಟೆ ಕಡೆ. ಅಲ್ಲಿ ಹಾಕಿ ಅಂದರೆ ಏನು ಎಂದು ಕೊಡಗಿನವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಹೇಳಿದರೆ ಸಾಕು: 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಮನೆತನಗಳು ಆಡುತ್ತವೆ. ಅಜ್ಜ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ನಿಲ್ಲುವುದು ಅಲ್ಲಿ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಅಪ್ಪನಿಗೆ ಐಸ್ ಹಾಕಿ ಅರ್ಥವಾಗುವುದಿಲ್ಲ, ಆದರೆ ಆಟಗಾರರು ಅರ್ಥವಾಗುತ್ತಾರೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಎಂದು ಹೆಮ್ಮೆಯಿಂದ ಹೆಸರು ಹೇಳುತ್ತಾರೆ. ಹಾಗೆ ಹೇಳಿದ ಬೆನ್ನಿಗೇ, ಯಾವ ಪುಸ್ತಕದಲ್ಲೂ ಸಿಗದ ಇನ್ಯಾರದೋ ಹೆಸರು ತೆಗೆದು, "ಅವನೂ ಹೋಗಬೇಕಿತ್ತು ಕಣೋ, ಕರೆಯಲೇ ಇಲ್ಲ" ಅನ್ನುತ್ತಾರೆ. ನಮ್ಮ ಕಡೆಯ ಹಿರಿಯರ ಹಾಕಿ ಮಾತು ಇರುವುದೇ ಹೀಗೆ. ಹೋದವರ ಪಟ್ಟಿಯ ಪಕ್ಕದಲ್ಲೇ ಉಳಿದವರ ಪಟ್ಟಿಯೂ ಬಾಯಿಪಾಠ ಇರುತ್ತದೆ.

ಒಂದು ದಿನ ಅಪ್ಪನನ್ನು ಹಾಲ್ ಆಫ್ ಫೇಮ್ ತೋರಿಸಲು ಕರೆದುಕೊಂಡು ಹೋದೆ. ನೀವೂ ಮಕ್ಕಳ ಜೊತೆ ಹೋಗಿರುತ್ತೀರಿ. ಯಾಂಗ್ ಸ್ಟ್ರೀಟೂ ಫ್ರಂಟ್ ಸ್ಟ್ರೀಟೂ ಕೂಡುವ ಮೂಲೆಯಲ್ಲಿ, 1885ರಲ್ಲಿ ಕಟ್ಟಿದ ಬ್ಯಾಂಕ್ ಆಫ್ ಮಾಂಟ್ರಿಯಲ್ ಕಟ್ಟಡ, ನೆತ್ತಿಯ ಮೇಲೆ ಬಣ್ಣದ ಗಾಜಿನ ಗುಮ್ಮಟ, ಅದರಡಿಯಲ್ಲಿ ಗೋಡೆ ತುಂಬ ಗೌರವಕ್ಕೆ ಪಾತ್ರರಾದವರ ಫಲಕಗಳು. ದೇವಸ್ಥಾನದೊಳಗೆ ನಡೆಯುವ ಹಾಗೆ ಅಪ್ಪ ಕೈಕಟ್ಟಿಕೊಂಡು ಒಂದೊಂದೇ ಮುಖ ನೋಡುತ್ತಾ ನಡೆದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಇರಬೇಕಾಗಿದ್ದು, ಇಲ್ಲದವರು ಯಾರು?"

ಆ ಪ್ರಶ್ನೆಗೆ ಕೆನಡಾದ ಯಾವ ಹಾಕಿ ಅಭಿಮಾನಿಯನ್ನು ಕೇಳಿದರೂ ಉತ್ತರ ಸಿಗುತ್ತದೆ. ಹೆಚ್ಚಿನವರು ಮೊದಲು ಹೇಳುವ ಹೆಸರು ಪಾಲ್ ಹೆಂಡರ್ಸನ್. 1972ರ ಸೆಪ್ಟೆಂಬರ್ 28ರಂದು ಮಾಸ್ಕೋದಲ್ಲಿ, ಸೋವಿಯತ್ ತಂಡದ ವಿರುದ್ಧದ ಎಂಟನೇ ಪಂದ್ಯದಲ್ಲಿ, 34 ಸೆಕೆಂಡ್ ಉಳಿದಿರುವಾಗ ಸರಣಿ ಗೆದ್ದುಕೊಟ್ಟ ಗೋಲು ಹೊಡೆದವರು. ಇನ್ನು ಕೆಲವರು ರಾಡ್ ಬ್ರಿಂಡಮೋರ್ ಅನ್ನುತ್ತಾರೆ, ಕರ್ಟಿಸ್ ಜೋಸೆಫ್ ಅನ್ನುತ್ತಾರೆ. ಅಲೆಕ್ಸಾಂಡರ್ ಮೊಗಿಲ್ನಿ ಅರ್ಹತೆ ಬಂದ ಮೇಲೂ ಹದಿನಾರು ವರ್ಷ ಕಾದು 2025ರಲ್ಲಿ ಒಳಗೆ ಬಂದರು. ಇವೆಲ್ಲ ನ್ಯಾಯವಾದ ವಾದಗಳೇ. ಆದರೆ ಇವರೆಲ್ಲ ಮಂಜಿನ ಮೇಲೆ ಆಡಿದವರು, ಅವರ ಗೋಲುಗಳನ್ನು ಎಣಿಸಿ ಬರೆದಿಡಲಾಗಿದೆ, ಆ ಲೆಕ್ಕ ಸಾಕೋ ಸಾಲದೋ ಎಂಬುದಷ್ಟೇ ಜಗಳ. ಲೆಕ್ಕ ಶುರುವಾಗುವುದಕ್ಕೇ ಬಿಡದೆ ಹೊರಗೆ ನಿಲ್ಲಿಸಿದವರ ವಿಷಯ ಬೇರೆ.

ಅಪ್ಪನಿಗೆ ನಾನು ಮೊದಲು ಹೇಳಿದ್ದು ಹರ್ಬ್ ಕಾರ್ನೆಗಿ ಕಥೆ.

ನಾರ್ತ್ ಯಾರ್ಕ್‌ನಲ್ಲಿ, ಫಿಂಚ್ ಅವೆನ್ಯೂ ವೆಸ್ಟ್‌ನಲ್ಲಿ, ಅವರ ಹೆಸರಿನ ರಿಂಕ್ ಇದೆ. ನನ್ನ ಮಗ ಅಲ್ಲಿ ಆಡಿದ್ದಾನೆ, ನಿಮ್ಮ ಮಕ್ಕಳೂ ಆಡಿರಬಹುದು. ಎಷ್ಟೋ ಸಲ ಆ ಹೆಸರಿನ ಕೆಳಗೇ ನಡೆದು ಹೋಗಿದ್ದರೂ ಅವರು ಯಾರೆಂದು ಬಹಳ ದಿನ ನಾನು ವಿಚಾರಿಸಿರಲಿಲ್ಲ. ಜಮೈಕಾದಿಂದ ಬಂದ ತಂದೆ ತಾಯಿಗೆ 1919ರಲ್ಲಿ ಟೊರಾಂಟೊದಲ್ಲೇ ಹುಟ್ಟಿದ ಕಪ್ಪು ಹುಡುಗ. ಅಣ್ಣ ಆಸಿ ಕಾರ್ನೆಗಿ, ನ್ಯೂ ಬ್ರನ್ಸ್‌ವಿಕ್‌ನ ಮ್ಯಾನಿ ಮ್ಯಾಕಿಂಟೈರ್ ಇವರ ಜೊತೆಗೂಡಿ ಕ್ವಿಬೆಕ್‌ನಲ್ಲಿ ಆಡಿದ ಮೂವರು ಕಪ್ಪು ಮುಂಚೂಣಿ ಆಟಗಾರರ ಸಾಲು ಇಡೀ ಪ್ರಾಂತ್ಯದಲ್ಲಿ ಮನೆಮಾತಾಗಿತ್ತು. 1946, 47, 48, ಸತತ ಮೂರು ವರ್ಷ ಕ್ವಿಬೆಕ್ ಪ್ರಾವಿನ್ಷಿಯಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ಅವರೇ. ಐಸ್ ಹಾಕಿಯ ಅತಿ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ (ನ್ಯಾಷನಲ್ ಹಾಕಿ ಲೀಗ್) ಆಗ ಇದ್ದದ್ದು ಆರೇ ತಂಡ, ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ.

ಇನ್ನೂ ಹದಿಹರೆಯದಲ್ಲಿದ್ದಾಗಲೇ ಕಾರ್ನೆಗಿ ಒಂದು ಮಾತು ಕೇಳಿದ್ದರು. ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಒಡೆಯ ಕಾನ್ ಸ್ಮೈಥ್, ಕಾರ್ನೆಗಿ ಆಟ ನೋಡಿ, ಇವನನ್ನು ಯಾರಾದರೂ ಬಿಳಿಯನನ್ನಾಗಿ ಮಾಡಿಕೊಟ್ಟರೆ ನಾಳೆಯೇ ತಂಡಕ್ಕೆ ತೆಗೆದುಕೊಳ್ಳುತ್ತೇನೆ ಅಂದರಂತೆ ಎಂದು ಅವರ ಕೋಚ್ ಬಂದು ತಿಳಿಸಿದ್ದರು. ತೊಂಬತ್ತು ದಾಟಿದ ಮೇಲೂ ಆ ಮಾತು ನೆನೆದರೆ ಕಾರ್ನೆಗಿ ಕಣ್ಣು ತುಂಬುತ್ತಿತ್ತು.

1948ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಅವರನ್ನು ಪರೀಕ್ಷಾ ಶಿಬಿರಕ್ಕೆ ಕರೆಯಿತು. ಶಿಬಿರದಲ್ಲಿ ಅವರ ಮುಂದಿಟ್ಟಿದ್ದೆಲ್ಲ ಕೆಳಹಂತದ ತಂಡಗಳ ಕರಾರು. ಮೊದಲು 2,700 ಡಾಲರ್, ಆಮೇಲೆ 3,700, ಕೊನೆಗೆ 4,700. ಕ್ವಿಬೆಕ್‌ನಲ್ಲಿ ಅವರಿಗೆ ಆಗಲೇ 5,100 ಸಿಗುತ್ತಿತ್ತು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ತಾನೇನು ಎಂಬುದನ್ನು ಆಗಲೇ ತೋರಿಸಿಕೊಟ್ಟಿದ್ದವರು ಮತ್ತೆ ಕೆಳಗಿನ ಮೆಟ್ಟಿಲಿಂದ ಶುರುಮಾಡಲು ಒಪ್ಪಲಿಲ್ಲ. ಒಪ್ಪಬೇಕಿತ್ತು ಅನ್ನುವವರಿದ್ದಾರೆ. ಸಂಸಾರ ಹೊತ್ತು ಪರದೇಶಕ್ಕೆ ಬಂದು, ಅಲ್ಲಿನ ಅನುಭವಕ್ಕೆ ಇಲ್ಲಿ ಬೆಲೆಯಿಲ್ಲ ಎಂದು ಹೇಳಿಸಿಕೊಂಡ ನಮ್ಮಲ್ಲಿ ಯಾರೂ ಹಾಗೆ ಅನ್ನಲಾರರು ಎಂದುಕೊಂಡಿದ್ದೇನೆ.

ಆಮೇಲೆ ಅವರು ಕ್ವಿಬೆಕ್ ಸೀನಿಯರ್ ಲೀಗ್‌ನ ಏಸಸ್ ತಂಡ ಸೇರಿದರು. ಅಲ್ಲಿ ಅವರ ಜೊತೆ ಆಡಿದ ಹುಡುಗ ಜಾನ್ ಬೆಲಿವೋ. ಮುಂದೆ ಮಾಂಟ್ರಿಯಲ್ ಕನೇಡಿಯನ್ಸ್ ಪರ ಹತ್ತು ಸ್ಟಾನ್ಲಿ ಕಪ್ ಗೆದ್ದ ಅದೇ ಬೆಲಿವೋ, ಹರ್ಬಿ ಎನ್‌ಎಚ್‌ಎಲ್‌ಗೆ ಬರದಿರಲು ಅವರ ಬಣ್ಣವೇ ಕಾರಣ ಎಂಬುದು ತನ್ನ ನಂಬಿಕೆ ಎಂದು ಬರೆದಿದ್ದಾರೆ. ಬೆಲಿವೋ ನಿವೃತ್ತರಾದ ಮರುವರ್ಷ, 1972ರಲ್ಲಿ, ಕಾಯುವ ಅವಧಿಯನ್ನೂ ಮನ್ನಾ ಮಾಡಿ ಅವರನ್ನು ಹಾಲ್ ಆಫ್ ಫೇಮ್‌ಗೆ ಕರೆದುಕೊಂಡರು. ಅದು ಸರಿಯಾದ ಗೌರವವೇ. ಕಾರ್ನೆಗಿ 2012ರ ಮಾರ್ಚ್‌ನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಲ್ ಆಫ್ ಫೇಮ್ ಅವರ ಹೆಸರು ಕರೆದದ್ದು 2022ರಲ್ಲಿ. ಆಗಲೂ ಆಟಗಾರ ಎಂದು ಕರೆಯಲಿಲ್ಲ, 'ಬಿಲ್ಡರ್' ಎಂದು ಕರೆದರು.

ಬಿಲ್ಡರ್ ಅಂದರೆ ಆಟವನ್ನು ಕಟ್ಟಿ ಬೆಳೆಸಿದವರು: ಮಾಲೀಕರು, ಕೋಚ್‌ಗಳು, ಸಂಘಟಕರು. ಕಾರ್ನೆಗಿ ಆ ಗೌರವಕ್ಕೂ ಪೂರ್ಣ ಅರ್ಹರು. ಹಾಕಿ ಶಾಲೆ ನಡೆಸಿದರು, ಫ್ಯೂಚರ್ ಏಸಸ್ ಕಟ್ಟಿ ಸಾವಿರಾರು ಮಕ್ಕಳನ್ನು ಮುಟ್ಟಿದರು, ಆರ್ಡರ್ ಆಫ್ ಕೆನಡಾ ಪಡೆದರು. ಆದರೆ ಹುಡುಗನಾಗಿದ್ದಾಗಿನಿಂದ ಅವರು ಆಗಬೇಕೆಂದಿದ್ದದ್ದು ಹಾಕಿ ಆಟಗಾರ. ಯಾವ ಬಾಗಿಲನ್ನು ಆವತ್ತು ಅವರ ಮುಖಕ್ಕೆ ಮುಚ್ಚಿದರೋ ಅದೇ ಬಾಗಿಲಿಂದ ಅವರನ್ನು ಒಳಗೆ ಕರೆಯಬೇಕಿತ್ತು. ಕಾನ್ ಸ್ಮೈಥ್ 1958ರಿಂದಲೂ ಅಲ್ಲಿದ್ದಾರೆ, ಬಿಲ್ಡರ್ ಎಂದೇ. ಇಬ್ಬರ ಹೆಸರೂ ಈಗ ಒಂದೇ ಪಟ್ಟಿಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1958ರ ಜನವರಿ 18ರಂದು ಎನ್‌ಎಚ್‌ಎಲ್ ಆಡಿದ ಮೊದಲ ಕಪ್ಪು ಆಟಗಾರ ವಿಲ್ಲಿ ಓ'ರೀ ಅವರಿಗೂ ಹೀಗೇ ಆಯಿತು. ಬಲಗಣ್ಣು ಕಾಣದೆಯೂ ಬಾಸ್ಟನ್ ಬ್ರೂಯಿನ್ಸ್ ಪರ 45 ಪಂದ್ಯ ಆಡಿದ ಅವರನ್ನು 2018ರಲ್ಲಿ ಬಿಲ್ಡರ್ ಆಗಿಯೇ ಸೇರಿಸಿಕೊಂಡರು.

ಇಷ್ಟು ಕೇಳಿದ ಅಪ್ಪ, "ಆ ರೇಂಜರ್ಸ್‌ನವರು ಬೇರೆ ಯಾರನ್ನಾದರೂ ಕರೆದಿದ್ದರಾ?" ಎಂದರು. ಕರೆದಿದ್ದರು. ಅದೇ 1948ರಲ್ಲಿ. ಅವರೇ ಲ್ಯಾರಿ ಕ್ವಾಂಗ್.

ಬ್ರಿಟಿಷ್ ಕೊಲಂಬಿಯಾದ ವೆರ್ನನ್ ಎಂಬ ಸಣ್ಣ ಊರಿನಲ್ಲಿ 1923ರ ಜೂನ್‌ನಲ್ಲಿ ಹುಟ್ಟಿದವರು. ತಂದೆ ಚೀನಾದಿಂದ ಬಂದು ಕಿರಾಣಿ ಅಂಗಡಿ ಇಟ್ಟಿದ್ದರು, ಅಂಗಡಿಯ ಹೆಸರು ಕ್ವಾಂಗ್ ಹಿಂಗ್ ಲುಂಗ್. ಮನೆತನದ ನಿಜ ಹೆಸರು ಎಂಗ್. ಊರಿನವರ ಬಾಯಲ್ಲಿ ಅಂಗಡಿಯ ಹೆಸರೇ ಮನೆಯ ಹೆಸರಾಯಿತು. ಇನಿಷಿಯಲ್ ಬಿಡಿಸಿ ಬರೆಯಿರಿ ಎಂದಾಗ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಅಂಟಿಕೊಂಡ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಲ್ಯಾರಿ ಹುಟ್ಟಿದ ವರ್ಷವೇ ಕೆನಡಾ ಚೀನೀಯರ ವಲಸೆಯನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. ಅದಕ್ಕೂ ಮೊದಲು ಒಳಗೆ ಬರಬೇಕಾದರೆ ತಲೆಗಂದಾಯ, ಕೊನೆಕೊನೆಗೆ ತಲೆಗೆ 500 ಡಾಲರ್. ಇಲ್ಲೇ ಹುಟ್ಟಿದವರಿಗೂ ಬ್ರಿಟಿಷ್ ಕೊಲಂಬಿಯಾದಲ್ಲಿ ಮತ ಹಾಕುವ ಹಕ್ಕಿರಲಿಲ್ಲ. ಅದೇ ಪ್ರಾಂತ್ಯ 1907ರಲ್ಲಿ 'ಹಿಂದೂಗಳು' ಎಂದು ಕರೆದು ಎಲ್ಲ ಭಾರತೀಯರ ಮತವನ್ನೂ ಕಿತ್ತುಕೊಂಡಿತ್ತು, ಅವರಲ್ಲಿ ಬಹುಪಾಲು ಸಿಖ್ಖರೇ ಆಗಿದ್ದರೂ. ಭಾರತೀಯರನ್ನು ಹೊತ್ತು ಬಂದ ಕೊಮಗಾಟ ಮಾರು ಹಡಗನ್ನು ವ್ಯಾಂಕೂವರ್ ಬಂದರಿನಿಂದ ಹಿಂದೆ ಕಳಿಸಿದ್ದು 1914ರಲ್ಲಿ. ಚೀನೀಯರಿಗೂ ಭಾರತೀಯರಿಗೂ ಆ ಪ್ರಾಂತ್ಯದಲ್ಲಿ ಮತದ ಹಕ್ಕು ಮರಳಿದ್ದು ಒಟ್ಟಿಗೇ, 1947ರ ಏಪ್ರಿಲ್‌ನಲ್ಲಿ. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಕ್ವಾಂಗ್ ಕಥೆ ಯಾರೋ ಬೇರೆಯವರ ಕಥೆಯಲ್ಲ. ಅವರ ಹೆಸರನ್ನು ಹೊರಗಿಟ್ಟ ಕಾನೂನು ನಮ್ಮವರನ್ನೂ ಹೊರಗಿಟ್ಟಿತ್ತು.

ಅಂಥ ದೇಶದಲ್ಲಿ ಈ ಹುಡುಗ ಹಾಕಿ ಕಲಿತ. ಟ್ರೇಲ್ ಸ್ಮೋಕ್ ಈಟರ್ಸ್ ತಂಡಕ್ಕೆ ಆಯ್ಕೆಯಾದಾಗ ಬಿಳಿಯ ಆಟಗಾರರಿಗೆಲ್ಲ ಊರಿನ ಲೋಹದ ಕಾರ್ಖಾನೆಯಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿತು. ಲ್ಯಾರಿಗೆ ಚೀನೀಯ ಎಂಬ ಕಾರಣಕ್ಕೆ ಸಿಗಲಿಲ್ಲ, ಹೋಟೆಲೊಂದರಲ್ಲಿ ಸಾಮಾನು ಹೊರುವ ಕೆಲಸ ಮಾಡಿಕೊಂಡು ಆಡಿದರು. ಯುದ್ಧ ಬಂದಾಗ, ತನಗೆ ಮತ ಕೊಡದ ದೇಶದ ಸೈನ್ಯಕ್ಕೆ ಸೇರಿದರು. ಯುದ್ಧ ಮುಗಿದ ಮೇಲೆ ರೇಂಜರ್ಸ್‌ನ ಕೆಳಹಂತದ ತಂಡ ನ್ಯೂಯಾರ್ಕ್ ರೋವರ್ಸ್ ಸೇರಿ, 1947-48ರ ಋತುವಿನಲ್ಲಿ ಆ ತಂಡದಲ್ಲೇ ಅತಿ ಹೆಚ್ಚು ಅಂಕ ಗಳಿಸಿದರು.

1948ರ ಮಾರ್ಚ್ 13. ಮಾಂಟ್ರಿಯಲ್ ಫೋರಂ. ಮತದ ಹಕ್ಕು ಬಂದು ಹನ್ನೊಂದು ತಿಂಗಳು. ಲ್ಯಾರಿ ಕ್ವಾಂಗ್ ರೇಂಜರ್ಸ್ ಜೆರ್ಸಿ ತೊಟ್ಟು ಬೆಂಚಿನಲ್ಲಿ ಕೂತರು. ಮೊದಲ ಅವಧಿ ಮುಗಿಯಿತು, ಎರಡನೆಯದೂ ಮುಗಿಯಿತು, ಕರೆಯಲಿಲ್ಲ. ಮೂರನೆಯ ಅವಧಿ ಮುಗಿಯುತ್ತಾ ಬಂದಾಗ ಒಮ್ಮೆ ಮಂಜಿನ ಮೇಲೆ ಕಳಿಸಿದರು, ಸುಮಾರು ಒಂದು ನಿಮಿಷ. ವಾಪಸ್ ಬಂದು ಕೂತರು. ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಏಷ್ಯಾ ಮೂಲದ ಆಟಗಾರನ ಇಡೀ ಎನ್‌ಎಚ್‌ಎಲ್ ಬದುಕು ಅಷ್ಟೇ. ಮತ್ತೆ ಕರೆಯಲೇ ಇಲ್ಲ. ತಂಡದಲ್ಲಿ ತನಗಿಂತ ಕಡಿಮೆ ಅಂಕದವರು ಮೇಲಕ್ಕೆ ಹೋಗಿ ಬರುತ್ತಿದ್ದುದನ್ನು ಅವರು ನೋಡುತ್ತಲೇ ಇದ್ದರು.

ನಮ್ಮ ಮಕ್ಕಳನ್ನು ಕೋಚ್ ಒಂದು ಸರದಿ (ಶಿಫ್ಟ್) ಕಡಿಮೆ ಕಳಿಸಿದರೆ ವಾರವಿಡೀ ನಮಗೆ ತಳಮಳ. ಆ ಒಂದು ನಿಮಿಷವನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿ.

ಅವರು ಕುಗ್ಗಿ ಕೂರಲಿಲ್ಲ. ರೇಂಜರ್ಸ್ ಬಿಟ್ಟು ಕ್ವಿಬೆಕ್‌ನ ವ್ಯಾಲಿಫೀಲ್ಡ್ ಬ್ರೇವ್ಸ್ ಸೇರಿದರು. ಕಾರ್ನೆಗಿ ಆಡಿದ ಅದೇ ಕ್ವಿಬೆಕ್ ಸೀನಿಯರ್ ಲೀಗ್. ಅಲ್ಲಿ ಟೋ ಬ್ಲೇಕ್ ಕೋಚ್ ಆಗಿದ್ದಾಗ, 1951ರಲ್ಲಿ ಇಡೀ ಲೀಗ್‌ನ ಅತ್ಯಮೂಲ್ಯ ಆಟಗಾರನಾದರು. ಅದೇನು ಸಣ್ಣ ಲೀಗ್ ಎಂದು ಯಾರಾದರೂ ಅಂದರೆ ಒಂದು ಮಾತು ನೆನಪಿಸಿ: ಬೆಲಿವೋ ಆ ಲೀಗ್ ಬಿಟ್ಟು ಬರಲು ಒಪ್ಪದಿದ್ದಾಗ ಮಾಂಟ್ರಿಯಲ್ ಕನೇಡಿಯನ್ಸ್‌ನವರು ಆ ಇಡೀ ಲೀಗನ್ನೇ ಕೊಂಡುಕೊಳ್ಳಬೇಕಾಯಿತು. ಎನ್‌ಎಚ್‌ಎಲ್‌ನಲ್ಲಿ ಆರೇ ತಂಡವಿದ್ದ ಕಾಲದಲ್ಲಿ, ಜಾಗ ಸಿಗದ ಎಷ್ಟೋ ಶ್ರೇಷ್ಠರು ಅಲ್ಲಿ ಆಡುತ್ತಿದ್ದರು. ಕ್ವಾಂಗ್ ಆಮೇಲೆ ಯೂರೋಪಿಗೆ ಹೋಗಿ ಆಡಿದರು, ಸ್ವಿಟ್ಜರ್‌ಲೆಂಡ್‌ನಲ್ಲಿ ಕೋಚ್ ಆದರು, ಕೊನೆಗೆ ಕ್ಯಾಲ್ಗರಿಗೆ ಮರಳಿ ಅಣ್ಣನ ಜೊತೆ ಅಂಗಡಿ ನಡೆಸಿದರು. ವಯಸ್ಸಾದ ಮೇಲೆ ಎರಡೂ ಕಾಲು ಕಳೆದುಕೊಂಡರು. 2018ರ ಮಾರ್ಚ್ 15ರಂದು, ಆ ಒಂದು ನಿಮಿಷಕ್ಕೆ ಎಪ್ಪತ್ತು ವರ್ಷ ತುಂಬಿದ ಎರಡು ದಿನಕ್ಕೆ, 94ನೇ ವಯಸ್ಸಿನಲ್ಲಿ ತೀರಿಕೊಂಡರು. 2025ರ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ.

ಒಂದು ನಿಮಿಷ ಆಡಿದವರನ್ನು ಹೇಗೆ ಸೇರಿಸುವುದು ಎಂದು ಕೇಳುತ್ತಾರೆ. ನನ್ನ ಹತ್ತಿರವೂ ರಿಂಕಿನಲ್ಲಿ ಒಬ್ಬರು ಕೇಳಿದರು, ಕೆಟ್ಟ ಮನಸ್ಸಿನಿಂದಲ್ಲ. ಆದರೆ ಅದು ಎನ್‌ಎಚ್‌ಎಲ್ ಹಾಲ್ ಆಫ್ ಫೇಮ್ ಅಲ್ಲ, ಹಾಕಿಯ ಹಾಲ್ ಆಫ್ ಫೇಮ್. ಸೋವಿಯತ್ ಗೋಲಿ ವ್ಲಾಡಿಸ್ಲಾವ್ ಟ್ರೆಟ್ಯಾಕ್ ಒಂದೂ ಎನ್‌ಎಚ್‌ಎಲ್ ಪಂದ್ಯ ಆಡದೆ 1989ರಲ್ಲಿ ಸೇರಿದರು. ವಲೇರಿ ಖಾರ್ಲಮೋವ್ 2005ರಲ್ಲಿ ಸೇರಿದರು, ಅವರೂ ಆಡಿರಲಿಲ್ಲ. 2010ರಲ್ಲಿ ಮೊದಲ ಬಾರಿ ಇಬ್ಬರು ಮಹಿಳೆಯರನ್ನು ಕರೆದರು, ಆಂಜೆಲಾ ಜೇಮ್ಸ್ ಮತ್ತು ಕ್ಯಾಮಿ ಗ್ರನಾಟೊ. ಎನ್‌ಎಚ್‌ಎಲ್ ಬಾಗಿಲು ತೆರೆದಿರದವರನ್ನು ಅವರು ನಿಜವಾಗಿ ಆಡಿದ ಕಡೆಯ ಆಟದಿಂದ ಅಳೆಯಬೇಕು ಎಂದು ಸಮಿತಿಯೇ ಒಪ್ಪಿಕೊಂಡಿದೆ. ರಾಜಕೀಯದಿಂದ ಬಾಗಿಲು ಮುಚ್ಚಿದ್ದರೆ ಒಪ್ಪುತ್ತೇವೆ, ಹೆಣ್ಣು ಎಂಬ ಕಾರಣಕ್ಕೆ ಮುಚ್ಚಿದ್ದರೆ ಒಪ್ಪುತ್ತೇವೆ ಅಂದ ಮೇಲೆ, ಬಣ್ಣದ ಕಾರಣಕ್ಕೆ ಮುಚ್ಚಿದ್ದರೆ ಮಾತ್ರ ಎನ್‌ಎಚ್‌ಎಲ್ ನಿಮಿಷಗಳನ್ನು ಎಣಿಸುವುದು ಯಾವ ನ್ಯಾಯ? ಅದೇ ಹಾಲ್ ಆಫ್ ಫೇಮ್‌ನ ಮಾನದಂಡದಲ್ಲಿ ಆಟದ ಸಾಮರ್ಥ್ಯದ ಜೊತೆಗೆ ಕ್ರೀಡಾ ಮನೋಭಾವ, ನಡತೆ, ತಂಡಕ್ಕೂ ಆಟಕ್ಕೂ ಕೊಟ್ಟ ಕೊಡುಗೆ ಎಂದೂ ಇದೆ.

ಇಂಥವರಿಗಾಗಿ 'ಮೊದಲಿಗರು' ಎಂದು ಬೇರೆ ವಿಭಾಗ ಮಾಡಲಿ ಎಂಬ ಸಲಹೆಯೂ ಕೇಳಿಬರುತ್ತದೆ. ನನಗೆ ಅದು ಇಷ್ಟವಿಲ್ಲ. ಮತ್ತೊಂದು ಪಕ್ಕದ ಬಾಗಿಲು ಬೇಡ. 1951ರಲ್ಲಿ ಲೀಗ್‌ಗೇ ಶ್ರೇಷ್ಠ ಎನಿಸಿಕೊಂಡವರು ಆಟಗಾರರು, ಆಟಗಾರ ಎಂದೇ ಬರೆಯಲಿ.

ಈಗ ನಾವು ಮಾಡಬಹುದಾದ ಕೆಲಸ. ಆಯ್ಕೆ ಸಮಿತಿಯಲ್ಲಿ 18 ಜನ. ಒಬ್ಬರು ಸೇರಬೇಕಾದರೆ 14 ಮತ ಬೇಕು. ಚರ್ಚೆ ಗುಟ್ಟಾಗಿ ನಡೆಯುತ್ತದೆ, ಯಾರಿಗೆ ಎಷ್ಟು ಮತ ಬಂತೆಂದು ಹೊರಗೆ ಹೇಳುವುದಿಲ್ಲ. ಹೆಸರು ಸೂಚಿಸುವ ಅಧಿಕಾರ ಸದಸ್ಯರದೇ, ಆದರೆ ಸಾರ್ವಜನಿಕರೂ ಲಿಖಿತವಾಗಿ ಮನವಿ ಕಳಿಸಬಹುದು. ಹದಿನೆಂಟರಲ್ಲಿ ಒಬ್ಬರ ಮನಸ್ಸಿಗೆ ತಾಕಿದರೂ ಹೆಸರು ಮೇಜಿನ ಮೇಲೆ ಬರುತ್ತದೆ. ಚೀನೀ ಕೆನಡಿಯನ್ನರು ವರ್ಷಗಳಿಂದ ಕ್ವಾಂಗ್ ಅವರಿಗಾಗಿ ಕೇಳುತ್ತಲೇ ಇದ್ದಾರೆ. ಅವರೊಬ್ಬರೇ ಯಾಕೆ ಕೇಳಬೇಕು? 1989ರಲ್ಲಿ ರಾಬಿನ್ ಬಾವಾ ಎನ್‌ಎಚ್‌ಎಲ್ ಆಡಿದ ಮೊದಲ ಭಾರತೀಯ ಮೂಲದವರಾದರು. 2008ರಿಂದ ಪಂಜಾಬಿಯಲ್ಲಿ ಹಾಕಿ ವೀಕ್ಷಕ ವಿವರಣೆ ಕೇಳುತ್ತಿದ್ದೇವೆ. ಇವತ್ತು ನಮ್ಮ ಮಕ್ಕಳು ಯಾರ ಅಪ್ಪಣೆಯೂ ಇಲ್ಲದೆ ರಿಂಕಿಗೆ ಇಳಿಯುತ್ತಾರೆ. ಆ ದಾರಿಯಲ್ಲಿ ಮೊದಲು ನಡೆದವರ ಪರವಾಗಿ ಒಂದು ಪುಟ ಬರೆಯುವುದು ನಮಗೆ ಭಾರವಾಗಬಾರದು.

ನಿಮ್ಮ ಕಾಗದ ಉದ್ದವಿರಬೇಕಿಲ್ಲ. ಮೂರು ವಿಷಯ ಸಾಕು: ರೋವರ್ಸ್‌ನಲ್ಲಿ ತಂಡಕ್ಕೇ ಹೆಚ್ಚು ಅಂಕ ಗಳಿಸಿದ್ದು, 1951ರ ಪ್ರಶಸ್ತಿ, ಆ ಮಾರ್ಚ್ 13. ನನ್ನದನ್ನು ನಾನು ಬರೆದು ಮುಗಿಸಿದ್ದೇನೆ. ಮಾದರಿ ಬೇಕಾದವರು ಭಾನುವಾರ ಬೆಳಿಗ್ಗೆ ರಿಂಕಿನಲ್ಲಿ ಕೇಳಿ, ಪ್ರತಿಗಳನ್ನು ತಂದಿರುತ್ತೇನೆ. ಮಕ್ಕಳ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ಮತ್ತೊಂದು ಕೋರಿಕೆ: ಲ್ಯಾರಿ ಕ್ವಾಂಗ್ ಎಂದು ಬರೆದ ಮೇಲೆ ಅವರ ಅಪ್ಪ ಅಮ್ಮ ಇಟ್ಟ ಹೆಸರನ್ನೂ ಬರೆಯಿರಿ, ಎಂಗ್ ಕೈ ಗಿಯಾಂಗ್. ಫಲಕ ಮಾಡುವ ದಿನ ಬಂದರೆ ಕೆತ್ತುವವರಿಗೆ ಎರಡೂ ಗೊತ್ತಿರಲಿ.

ವಿಶ್ವಾಸದಿಂದ,
ನಿಮ್ಮಂತೆಯೇ ಬೆಂಚಿನಲ್ಲಿ ಕೂರುವ ಒಬ್ಬ ಕನ್ನಡಿಗ